ಅಟ್ಟಣೆಯ ಜಾಗ ಜಿಂಕೆಗೆ ಗೊತ್ತು

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ, ಕೋಲಾರ ಚಿನ್ನದ ಗಣಿ ಸೀಮೆಯ ಕಾಡಂಚಿನಲ್ಲಿ, ರಾಗಿ ತೆನೆಗಟ್ಟಿತೆಂದರೆ ರೈತರಿಗೆ ರಾತ್ರಿ ನಿದ್ದೆಯಿಲ್ಲ. ಅಟ್ಟಣೆ ಕಟ್ಟಿ ಹೊಲ ಕಾಯಬೇಕು. ತೋಟ ಕಾಯುವ ನಮಗೂ ಈ ಪಾಡು ಹೊಸದಲ್ಲ. ಆದರೆ ಒಂದೇ ಅಟ್ಟಣೆಯನ್ನು ಎಷ್ಟು ದಿನ ನಂಬುವುದು?

ಅಮೆರಿಕದ ಸೌತ್ ಕೆರೊಲಿನಾದಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಬಾಲದ ಗಂಡು ಜಿಂಕೆಗಳಿಗೆ ಜಿಪಿಎಸ್ ಕೊರಳಪಟ್ಟಿ ಕಟ್ಟಿ ಅವುಗಳ ಓಡಾಟವನ್ನು ಗುರುತಿಸಿದರು. ಬೇಟೆಯ ಕಾಲ ಮುಂದುವರಿದಂತೆ ಜಿಂಕೆಗಳು ಬೇಟೆಗಾರರ ಅಟ್ಟಣೆಗಳ ಬಳಿ ಹಗಲು ಸುಳಿಯುವುದನ್ನು ಕಡಿಮೆ ಮಾಡಿದವು; ರಾತ್ರಿ ಬಂದವು. ಅವು ಕಾಡು ಬಿಟ್ಟು ಹೋಗಲಿಲ್ಲ. ಅಪಾಯದ ಜಾಗವನ್ನೂ ಹೊತ್ತನ್ನೂ ಕಲಿತುಕೊಂಡವು, ಅಷ್ಟೆ.

ಇದರಲ್ಲಿ ನಮಗೆ ಪಾಠವಿದೆ. ಕಾವಲು ದಿನವೂ ಒಂದೇ ಕಡೆ, ಒಂದೇ ಹೊತ್ತಿಗೆ ಇದ್ದರೆ ಜಿಂಕೆ, ಕಡವೆ ಇನ್ನೊಂದು ಬದಿಯಿಂದ ನುಗ್ಗಬಹುದು. ಆದ್ದರಿಂದ ಕೂರುವ ಜಾಗವನ್ನೂ ಹೊತ್ತನ್ನೂ ಬದಲಾಯಿಸುತ್ತಿರೋಣ; ನೆರೆಹೊರೆಯವರೊಡನೆ ಪಾಳಿ ಹಂಚಿಕೊಳ್ಳೋಣ. ಕೋವಿಯ ಮಾತು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆಯ ಬೇಟೆ ಅಪರಾಧ. ಕಾಮಸಮುದ್ರದಂತೆ ಆನೆ ಬರುವ ಕಡೆಗಳಲ್ಲಂತೂ ಯಾರೂ ಒಂಟಿಯಾಗಿ ಕಾವಲು ಕೂರಬಾರದು. ಹೋದ ಬೆಳೆ ಮುಂದಿನ ವರ್ಷ ಬಂದೀತು, ಹೋದ ಜೀವ ಬಾರದು.