ಊರಿಗೊಂದು ಧಾನ್ಯ ಭಂಡಾರ: ಬಾತಿ ಸೀಮೆಯ ರೈತರಿಗೆ ಕೆಲವು ಸೂಚನೆಗಳು

ಅನ್ನ ಬೆಳೆಯುವ ಊರಿನಲ್ಲೇ ಅನ್ನದ ಕೊರತೆ ಇರಬಹುದೆಂದರೆ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಇದು ಹೊಸ ಮಾತಲ್ಲ. ಸುಗ್ಗಿಯಲ್ಲಿ ಕಣದ ತುಂಬ ರಾಶಿ ಇದ್ದ ಊರಿನಲ್ಲೇ ಆಷಾಢ ಬರುವ ಹೊತ್ತಿಗೆ ಕೂಲಿಯವರ ಮತ್ತು ಸಣ್ಣ ಹಿಡುವಳಿದಾರರ ಮನೆಯ ಗಡಿಗೆಗಳು ಬರಿದಾಗಿರುತ್ತವೆ. ಊರಿನಲ್ಲಿ ಬೆಳೆದ ಕಾಳು ಊರಿನಲ್ಲಿ ನಿಲ್ಲುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಊರಿನವರೇ ಕೂಡಿ ಸ್ವಲ್ಪ ಕಾಳನ್ನು ಊರಿನಲ್ಲೇ ನಿಲ್ಲಿಸಿಕೊಳ್ಳುವ ಬಗೆ ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಾತಿ ಸೀಮೆಯ ಪರಿಸ್ಥಿತಿ

ದಾವಣಗೆರೆ ಮತ್ತು ಹರಿಹರಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ಬಾತಿ ಸೀಮೆಯಲ್ಲಿ ಕೆರೆಯಿದೆ, ಗುಡ್ಡವಿದೆ, ಮಳೆಯನ್ನೇ ನಂಬಿದ ಹೊಲವಿದೆ, ಭದ್ರಾ ನಾಲೆಯ ನೀರನ್ನು ನಂಬಿದ ಗದ್ದೆಯೂ ಇದೆ. ಲಕ್ಕವಳ್ಳಿಯ ಬಳಿಯ ಭದ್ರಾ ಜಲಾಶಯದಿಂದ ಹೊರಟ ನೀರು ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳ ಮೂಲಕ ಈ ಜಿಲ್ಲೆಗೆ ತಲುಪುತ್ತದೆ. ನಮ್ಮದು ನಾಲೆಯ ಕೊನೆಯ ಭಾಗ. ಜಲಾಶಯ ತುಂಬಿದ ವರ್ಷ ಎರಡು ಬೆಳೆ. ತುಂಬದ ವರ್ಷ ಬೇಸಿಗೆ ಬತ್ತಕ್ಕೆ ನೀರಿಲ್ಲ.

ಬೇಸಿಗೆ ಬತ್ತ ತಪ್ಪಿದರೆ ನಷ್ಟ ಗದ್ದೆಯವರಿಗೆ ಮಾತ್ರ ಎಂದು ತಿಳಿಯಬಾರದು. ನಾಟಿ, ಕಳೆ, ಕೊಯ್ಲು, ಒಕ್ಕಣೆ ಇವೆಲ್ಲವೂ ಕೂಲಿಯ ಕೆಲಸಗಳು. ನೀರು ಬಾರದಿದ್ದರೆ ಈ ಕೆಲಸಗಳೂ ಇರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂತಹ ವರ್ಷಗಳಲ್ಲಿ ಮೊದಲು ಪೆಟ್ಟು ತಿನ್ನುವುದು ದಿನಗೂಲಿಯ ಮನೆ.

ಮಳೆಯಾಶ್ರಿತ ಹೊಲಗಳಲ್ಲಿ ಇಂದು ಮೆಕ್ಕೆಜೋಳವೇ ಹೆಚ್ಚು. ಅದರ ಬಹುಭಾಗ ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆ. ಹಿಂದೆ ಅದೇ ಹೊಲದಲ್ಲಿ ಬೆಳೆಯುತ್ತಿದ್ದ ಜೋಳ, ರಾಗಿ, ನವಣೆ, ತೊಗರಿ, ಅವರೆಗಳು ಮೊದಲು ಮನೆಗೆ, ಉಳಿದರೆ ಸಂತೆಗೆ ಹೋಗುತ್ತಿದ್ದವು. ಮೆಕ್ಕೆಜೋಳ ಬೆಳೆದವನು ಕೈಗೆ ಬಂದ ಹಣದಿಂದ ಜೋಳ ಕೊಳ್ಳಬೇಕು. ಧಾರಣೆ ಕುಸಿದ ವರ್ಷ ಸಾಲ ತೀರಿಸಿ ಉಳಿದ ಹಣ ಊಟಕ್ಕೆ ಸಾಲದೆ ಹೋಗುವುದುಂಟು.

ಪೇಟೆ ಹತ್ತಿರವಿರುವಾಗ ಭಂಡಾರವೇಕೆ?

ದಾವಣಗೆರೆಯಂತಹ ದೊಡ್ಡ ಪೇಟೆ ಮಗ್ಗುಲಲ್ಲೇ ಇರುವಾಗ ಊರಲ್ಲಿ ಕಾಳು ಕೂಡಿಡುವ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಪೇಟೆಯಲ್ಲಿ ಕಾಳಿಗೆ ಎಂದೂ ಕೊರತೆಯಿಲ್ಲ. ಕೊರತೆ ಇರುವುದು ಕೊಳ್ಳುವವನ ಕೈಯ ದುಡ್ಡಿಗೆ. ಕೆಲಸವಿಲ್ಲದ ತಿಂಗಳುಗಳಲ್ಲೇ ಕಾಳಿನ ಬೆಲೆಯೂ ಏರಿರುತ್ತದೆ. ಆಗ ಬಡವನು ಬಡ್ಡಿಗೆ ಸಾಲ ತಂದು ಹೆಚ್ಚಿನ ಬೆಲೆಗೆ ಕೊಳ್ಳುತ್ತಾನೆ. ಸುಗ್ಗಿಯಲ್ಲಿ ಆ ಸಾಲ ತೀರಿಸಲು ತನ್ನ ಬೆಳೆಯನ್ನು ಕಡಿಮೆ ಬೆಲೆಗೆ ಮಾರುತ್ತಾನೆ. ಹೀಗೆ ಎರಡು ಕಡೆಯಿಂದಲೂ ಸೋಲುತ್ತಾನೆ. ಊರಿನ ಭಂಡಾರವು ಈ ಎರಡು ಸೋಲುಗಳಲ್ಲಿ ಮೊದಲನೆಯದನ್ನು ತಪ್ಪಿಸಿದರೆ ಎರಡನೆಯದೂ ತಾನಾಗಿಯೇ ಸಡಿಲುತ್ತದೆ.

ಹಿಂದಿನವರ ಏರ್ಪಾಡು

ಕಾಳು ಕೂಡಿಡುವುದು ನಮ್ಮ ಹಿರಿಯರಿಗೆ ತಿಳಿದ ವಿದ್ಯೆಯೇ. ಗಟ್ಟಿ ನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಒಳಗಿನ ಹುಳು ಸಾಯುತ್ತಿತ್ತು, ಕಾಳು ಉಳಿಯುತ್ತಿತ್ತು. ಈಗಲೂ ಎಲ್ಲಾದರೂ ಹಗೇವು ಬಳಸುವವರು ಬಾಯಿ ತೆರೆದ ಕೂಡಲೆ ಒಳಗೆ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ತುಂಬಿರುವುದರಿಂದ ಜೀವಕ್ಕೇ ಅಪಾಯ.

ಆದರೆ ಒಬ್ಬೊಬ್ಬರ ಹಗೇವು ದೊಡ್ಡ ಬರವನ್ನು ತಡೆಯಲಾರದು. 1876ರಿಂದ 1878ರವರೆಗಿನ ಧಾತು ಈಶ್ವರ ಬರದ ನಂತರ ಮೈಸೂರು ಸಂಸ್ಥಾನದ ಜನಸಂಖ್ಯೆ ಎಷ್ಟು ಕುಗ್ಗಿತೆಂಬುದನ್ನು ನೋಡಿದರೆ ಇದು ತಿಳಿಯುತ್ತದೆ. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ದಾವಣಗೆರೆಯೂ ಆ ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಇಂದು ಪಡಿತರದ ಏರ್ಪಾಡು ಇರುವುದರಿಂದ ಅಂತಹ ಸಾವು ನೋವಿನ ಭಯವಿಲ್ಲ. ಆದರೆ ಅರೆಹೊಟ್ಟೆ, ಸಾಲ ಮತ್ತು ಮಕ್ಕಳ ಸೊರಗು ಇನ್ನೂ ಹೋಗಿಲ್ಲ.

ನೆರೆಯವರ ಒಂದು ಉದಾಹರಣೆ

ನಮ್ಮ ಬೀದರ ಜಿಲ್ಲೆಗೆ ತಾಗಿದ ತೆಲಂಗಾಣದ ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಇಂತಹ ಕೆಲಸವನ್ನು ಕೈಗೊಂಡವು. ಆ ಸಂಘಗಳ ಸದಸ್ಯರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಬೀಳುಬಿದ್ದ ಹೊಲಗಳಿಗೆ ಸಾಲ ಕೊಟ್ಟು ಜೋಳ ಬೆಳೆಸಿದರು. ಸಾಲವನ್ನು ಹಣದಲ್ಲಿ ಕೇಳದೆ ಕೆಲವು ವರ್ಷಗಳ ಕಾಲ ಜೋಳದ ರೂಪದಲ್ಲೇ ಹಿಂದಕ್ಕೆ ಪಡೆದರು. ಆ ಜೋಳವನ್ನು ಊರಿನಲ್ಲೇ ಇಟ್ಟು ಮಳೆಗಾಲದ ಕಷ್ಟದ ತಿಂಗಳುಗಳಲ್ಲಿ ಬಡ ಮನೆಗಳಿಗೆ ಕಡಿಮೆ ಬೆಲೆಗೆ ಕೊಟ್ಟರು. ಯಾವ ಮನೆ ಎಷ್ಟು ಬಡತನದಲ್ಲಿದೆ ಎಂಬುದನ್ನು ಹೊರಗಿನ ಅಧಿಕಾರಿ ತೀರ್ಮಾನಿಸಲಿಲ್ಲ. ಊರಿನವರೇ ಕೂತು ತೀರ್ಮಾನಿಸಿದರು. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

ಕೇಂದ್ರ ಸರ್ಕಾರವೂ 1996-97ರಲ್ಲಿ ಬುಡಕಟ್ಟು ಪ್ರದೇಶಗಳಿಗಾಗಿ ಗ್ರಾಮ ಧಾನ್ಯ ಬ್ಯಾಂಕ್ ಯೋಜನೆಯನ್ನು ಆರಂಭಿಸಿತ್ತು. ಇವೆರಡರಿಂದ ಕಲಿಯಬೇಕಾದ ಪಾಠ ಒಂದಿದೆ: ಹೊರಗಿನಿಂದ ಬಂದ ಕಾಳಿಗಿಂತ ಸ್ವಂತವಾಗಿ ಕೂಡಿಸಿದ ಕಾಳಿಗೆ ಜನ ಹೆಚ್ಚು ಕಾವಲಿರುತ್ತಾರೆ.

ಎಷ್ಟು ಕಾಳು ಬೇಕು?

ಲೆಕ್ಕ ಹಾಕದೆ ಆರಂಭಿಸಿದ ಭಂಡಾರ ಬಾಳುವುದಿಲ್ಲ. ದುಡಿಯುವ ಐದು ಜನರ ಮನೆಗೆ ದಿನಕ್ಕೆ ಸುಮಾರು 2 ಕಿಲೋ ಕಾಳು ಎಂದು ಹಿಡಿಯೋಣ. ತಿಂಗಳಿಗೆ 60 ಕಿಲೋ ಆಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬಕ್ಕೆ ತಲೆಗೆ 5 ಕಿಲೋದಂತೆ 25 ಕಿಲೋ ಸಿಗುತ್ತದೆ. ಉಳಿದ ಕೊರತೆ 35 ಕಿಲೋ. ಕಷ್ಟದ ಎರಡು ತಿಂಗಳಿಗೆ 70 ಕಿಲೋ. ಇಂತಹ 30 ಮನೆಗಳಿದ್ದರೆ 21 ಕ್ವಿಂಟಾಲ್ ಬೇಕು. ರಾಜ್ಯ ಸರ್ಕಾರ ಹೆಚ್ಚಿನ ಪಡಿತರ ಕೊಟ್ಟಾಗ ಕೊರತೆ ಅಷ್ಟು ಕಡಿಮೆಯಾಗುತ್ತದೆ. ಆಯಾ ವರ್ಷದ ಲೆಕ್ಕವನ್ನು ಆಯಾ ವರ್ಷವೇ ಮಾಡಬೇಕು.

ಈ 21 ಕ್ವಿಂಟಾಲನ್ನು ಕೂಡಿಸುವುದು ಕಷ್ಟವೇನಲ್ಲ. ದಿನವೂ ಅಡಿಗೆಗೆ ಕಾಳು ತೆಗೆಯುವಾಗ ಒಂದು ಮುಷ್ಟಿಯನ್ನು ಬೇರೆ ಗಡಿಗೆಗೆ ಹಾಕುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಒಂದು ಮುಷ್ಟಿ ಸುಮಾರು 50 ಗ್ರಾಂ ಎಂದರೆ ತಿಂಗಳಿಗೆ ಒಂದೂವರೆ ಕಿಲೋ. 60 ಮನೆಗಳಿಂದ ತಿಂಗಳಿಗೆ 90 ಕಿಲೋ, ವರ್ಷಕ್ಕೆ ಸುಮಾರು 10.8 ಕ್ವಿಂಟಾಲ್. ಇದರ ಜೊತೆಗೆ ಹಿಡುವಳಿಯುಳ್ಳ 30 ಮನೆಯವರು ಸುಗ್ಗಿಯಲ್ಲಿ 35 ಕಿಲೋದಂತೆ ಕೊಟ್ಟರೆ 10.5 ಕ್ವಿಂಟಾಲ್. ಎರಡೂ ಸೇರಿ 21 ಕ್ವಿಂಟಾಲಿಗೆ ಮೇಲೆಯೇ ಆಯಿತು. ಸಾಲ ಪಡೆಯಲಿರುವ ಮನೆಯವರೂ ಮುಷ್ಟಿ ಕಾಳು ಹಾಕುವುದು ಒಳ್ಳೆಯದು. ಆಗ ಅವರು ಬೇಡುವವರಾಗದೆ ಪಾಲುದಾರರಾಗುತ್ತಾರೆ.

ಯಾವ ಕಾಳು ಇಡಬೇಕು?

1. ರಾಗಿ: ಕಾಳು ಸಣ್ಣದಾದ್ದರಿಂದ ಹುಳುವಿನ ಬಾಧೆ ಕಡಿಮೆ. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಉಳಿಯುತ್ತದೆ. ಆಪತ್ತಿನ ದಾಸ್ತಾನಿಗೆ ಇದೇ ಉತ್ತಮ.

2. ಬತ್ತ: ಹೊಟ್ಟಿನ ರಕ್ಷಣೆ ಇರುವುದರಿಂದ ಅಕ್ಕಿಗಿಂತ ಚೆನ್ನಾಗಿ ಉಳಿಯುತ್ತದೆ. ಆದರೆ 100 ಕಿಲೋ ಬತ್ತಕ್ಕೆ ಸುಮಾರು 65 ಕಿಲೋ ಅಕ್ಕಿ ಎಂಬುದನ್ನು ಮರೆಯಬಾರದು. ಮನೆಯೊಂದಕ್ಕೆ 70 ಕಿಲೋ ಅಕ್ಕಿ ಬೇಕಾದರೆ ಸುಮಾರು 108 ಕಿಲೋ ಬತ್ತ ಇಡಬೇಕು.

3. ಜೋಳ: ಈ ಸೀಮೆಯ ರೊಟ್ಟಿಗೆ ಬೇಕೇ ಬೇಕು. ಆದರೆ ನುಸಿ ಬೇಗ ಹತ್ತುವುದರಿಂದ ಒಂದು ವರ್ಷಕ್ಕಿಂತ ಹೆಚ್ಚು ಇಡದೆ ಹೊಸತು ತುಂಬಿ ಹಳತನ್ನು ಕೊಡಬೇಕು.

4. ತೊಗರಿ, ಹೆಸರು ಮುಂತಾದ ಬೇಳೆಕಾಳು: ಬರೀ ಧಾನ್ಯದಿಂದ ಮೈಗೆ ಬಲ ಬಾರದು. ಸ್ವಲ್ಪವಾದರೂ ಬೇಳೆಕಾಳು ಇರಲಿ. ಕಿಲೋ ಕಾಳಿಗೆ 5 ಮಿಲಿಲೀಟರ್ ಅಡಿಗೆ ಎಣ್ಣೆ ಸವರಿ ಇಟ್ಟರೆ ಹುಳು ತಡೆಯುತ್ತದೆ.

ಮೆಕ್ಕೆಜೋಳವನ್ನು ಭಂಡಾರಕ್ಕೆ ತರದಿರುವುದೇ ಲೇಸು. ತೇವವಿದ್ದರೆ ಬೂಷ್ಟು ಬೇಗ ಹಿಡಿಯುತ್ತದೆ, ಬೂಷ್ಟಿನಿಂದ ವಿಷವೂ ಸೇರುತ್ತದೆ.

ಕಾಪಿಡುವ ಕ್ರಮ

ಭಂಡಾರ ಕೆಡುವುದು ಬಹುಮಟ್ಟಿಗೆ ತೇವದಿಂದ. ಧಾನ್ಯದ ತೇವಾಂಶ ಶೇಕಡಾ 12ಕ್ಕಿಂತ ಹೆಚ್ಚಿರಬಾರದು. ಇದನ್ನು ತಿಳಿಯಲು ಸುಲಭ ಉಪಾಯವಿದೆ. ಒಣಗಿದ ಗಾಜಿನ ಸೀಸೆಯಲ್ಲಿ ಮೂರು ಪಾಲು ಕಾಳು, ಒಂದು ಪಾಲು ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ ಕುಲುಕಿರಿ. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೇವವಿದೆ. ಅಂಟದಿದ್ದರೂ ಇನ್ನೆರಡು ಬಿಸಿಲು ಕೊಟ್ಟೇ ತುಂಬಬೇಕು. ಬಿಸಿಲಿನಿಂದ ತೆಗೆದ ಕಾಳನ್ನು ಆರಿಸಿ ತಂಪಾದ ಮೇಲೆ ಚೀಲಕ್ಕೆ ಹಾಕಬೇಕು.

ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಜೋಡಿಸಬೇಕು. ಹಳೇ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಯೇ ಬಳಸಬೇಕು. ಇಲಿಯ ಬಿಲಗಳನ್ನು ಗಾಜಿನ ಚೂರು, ಸಿಮೆಂಟುಗಳಿಂದ ಮುಚ್ಚಬೇಕು. ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲಗಳು ಈಗ ದೊರೆಯುತ್ತವೆ. ಇವು ಹಗೇವಿನ ತತ್ವದ ಮೇಲೆಯೇ ಕೆಲಸ ಮಾಡುತ್ತವೆ. ಹದಿನೈದು ದಿನಕ್ಕೊಮ್ಮೆ ಭಂಡಾರ ತೆರೆದು ನೋಡಬೇಕು. ಹುಳು ಹೆಚ್ಚಾದರೆ ವಿಷದ ಗುಳಿಗೆಯನ್ನು ನೀವೇ ತಂದು ಇಡಕೂಡದು. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯ ಹೊಗೆ ಮನುಷ್ಯರನ್ನೂ ಕೊಲ್ಲುತ್ತದೆ. ತರಬೇತಿ ಪಡೆದ ಪರಿಣತರಿಂದ ಮಾತ್ರ, ಜನವಾಸವಿಲ್ಲದ ಕಟ್ಟಡದಲ್ಲಿ ಇದನ್ನು ಮಾಡಿಸಬೇಕು.

ಕೊಡುವ, ಪಡೆಯುವ ನಿಯಮ

ಕಾಳನ್ನು ಬಳ್ಳದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿಯೇ ಕೊಡಬೇಕು, ತೂಗಿಯೇ ಪಡೆಯಬೇಕು. ಅಳತೆಯಲ್ಲಿ ತಲೆಗಟ್ಟಿ ಅಳೆದರು, ಸವರಿ ಅಳೆದರು ಎಂಬ ಜಗಳ ಬರುತ್ತದೆ.

ಒಯ್ದ 100 ಕಿಲೋಗೆ ಸುಗ್ಗಿಯಲ್ಲಿ 110 ಕಿಲೋ ಹಿಂದಿರುಗಿಸುವುದು ನ್ಯಾಯವಾದ ನಿಯಮ. 21 ಕ್ವಿಂಟಾಲ್ ಸಾಲ ಹೋಗಿ ಪೂರ್ತಿ ಹಿಂದಿರುಗಿದರೆ 23.1 ಕ್ವಿಂಟಾಲ್ ಆಗುತ್ತದೆ. ಒಣಗು, ಸೋರಿಕೆ, ಹುಳುವಿಗೆಂದು 50 ಕಿಲೋ ಕಳೆದರೂ 22.6 ಕ್ವಿಂಟಾಲ್ ಉಳಿಯುತ್ತದೆ. ಮುಂದಿನ ವರ್ಷ ಇನ್ನೆರಡು ಮನೆಗಳಿಗೆ ಕೊಡಬಹುದು. ಹೊಲವಿಲ್ಲದ ಕೂಲಿಯವರಿಗೆ ಕಾಳು ತರುವುದು ಕಷ್ಟವಾದರೆ ಸುಗ್ಗಿಯ ಧಾರಣೆಯಲ್ಲಿ ಹಣ ಪಡೆದು ಕೂಡಲೆ ಕಾಳು ಕೊಂಡು ತುಂಬಬೇಕು. ಹಣವನ್ನು ಹಣವಾಗಿ ಇಟ್ಟುಕೊಂಡರೆ ಅದು ಬೇರೆ ಖರ್ಚಿಗೆ ಜಾರುತ್ತದೆ.

ಬರದ ವರ್ಷ ಹಿಂದಿರುಗಿಸಲಾಗದವರಿಗೆ ಮುಂದಿನ ಸುಗ್ಗಿಯವರೆಗೆ ಗಡುವು ಕೊಡಬೇಕು. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದು. ಅಂತಹ ವರ್ಷಕ್ಕಾಗಿಯೇ ದಾಸ್ತಾನಿನ ನಾಲ್ಕನೆಯ ಒಂದು ಪಾಲನ್ನು ಸಾಲ ಕೊಡದೆ ಉಳಿಸಿಕೊಳ್ಳುವುದು ಜಾಣತನ. ಮೊದಲ ವರ್ಷಗಳಲ್ಲಿ ಇದರಿಂದ ಕೆಲವು ಮನೆಗಳಿಗೆ ಪಾಲು ಕಡಿಮೆಯಾದೀತು. ಆದರೂ ಪೂರ್ತಿ ಬರಿದಾದ ಭಂಡಾರ ಮತ್ತೆ ತುಂಬುವುದು ಕಷ್ಟ.

ಭಂಡಾರ ಮುರಿದು ಬೀಳದಿರಲು

ಭಂಡಾರಗಳು ಹುಳುವಿನಿಂದ ಕೆಡುವುದಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯದಿಂದ ಕೆಡುತ್ತವೆ. ಅನುಕೂಲಸ್ಥನೊಬ್ಬ ಬೀಜಕ್ಕೆಂದು ಐದು ಚೀಲ ಒಯ್ದು ಹಿಂದಿರುಗಿಸದಿದ್ದರೆ, ಬಡವನು ತಾನೇಕೆ ಕೊಡಬೇಕೆಂದು ಕೇಳುತ್ತಾನೆ. ಅವನ ಪ್ರಶ್ನೆ ತಪ್ಪಲ್ಲ. ಆದ್ದರಿಂದ ಒಂದು ಮನೆಗೆ ಗರಿಷ್ಠ ಇಷ್ಟೇ ಎಂಬ ಮಿತಿ ಎಲ್ಲರಿಗೂ ಒಂದೇ ಇರಬೇಕು. ಸಮಿತಿಯಲ್ಲಿ ಏಳು ಜನರಿದ್ದರೆ ನಾಲ್ವರಾದರೂ ಹೆಂಗಸರಿರಲಿ. ಮನೆಯ ಗಡಿಗೆಯ ಸ್ಥಿತಿ ಅವರಿಗೇ ಚೆನ್ನಾಗಿ ತಿಳಿದಿರುತ್ತದೆ. ಎಲ್ಲ ಕೇರಿಗಳವರೂ ಸಮಿತಿಯಲ್ಲಿರಬೇಕು. ಬೀಗ ಎರಡಿದ್ದು, ಬೀಗದ ಕೈ ಇಬ್ಬರು ಬೇರೆ ಬೇರೆ ಮನೆಯವರ ಬಳಿ ಇರಬೇಕು. ಬಂದ ಕಾಳು, ಹೋದ ಕಾಳು, ಉಳಿದ ಕಾಳುಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಆದರೆ ಸಾಲ ಪಡೆದವರ ಹೆಸರನ್ನು ಬರೆದು ಅವಮಾನ ಮಾಡಬಾರದು.

ಭಂಡಾರವಿದೆಯೆಂದು ಪಡಿತರ ಚೀಟಿ, ಅಂಗನವಾಡಿಯ ಆಹಾರ, ಶಾಲೆಯ ಬಿಸಿಯೂಟಗಳಲ್ಲಿ ಬರಬೇಕಾದ ಪಾಲನ್ನು ಬಿಟ್ಟುಕೊಡಕೂಡದು. ಅವು ಜನರ ಹಕ್ಕು; ಭಂಡಾರ ಅವುಗಳ ನಡುವಿನ ಬಿರುಕನ್ನು ತುಂಬುವ ಸಾಧನ ಮಾತ್ರ.

ರೈತ ಬಾಂಧವರು ಈ ಕೆಲಸಕ್ಕೆ ದೊಡ್ಡ ಕಟ್ಟಡಕ್ಕಾಗಲಿ ಅನುದಾನಕ್ಕಾಗಲಿ ಕಾಯಬೇಕಾಗಿಲ್ಲ. ಬರುವ ಸುಗ್ಗಿಯಲ್ಲಿ ಹತ್ತು ಮನೆಗಳು ಕೂಡಿ ಹತ್ತು ಚೀಲ ರಾಗಿಯಿಂದ ಆರಂಭಿಸಬಹುದು. ಮೆಕ್ಕೆಜೋಳದ ಹೊಲದಲ್ಲಿ ಒಂದಿಷ್ಟು ಭಾಗವನ್ನು ಜೋಳಕ್ಕೋ ರಾಗಿಗೋ ಬಿಟ್ಟು, ಬದುವಿನ ಮೇಲೆ ತೊಗರಿ, ಅವರೆ ಹಾಕಿದರೆ ಭಂಡಾರಕ್ಕೆ ಬೇಕಾದ ಕಾಳು ಹೊಲದಲ್ಲೇ ಸಿಗುತ್ತದೆ. ಕಾಪಿಡುವ ವಿಧಾನದ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು. ನಾಲೆಗೆ ನೀರು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಬಂದ ವರ್ಷದ ಕಾಳಿನಲ್ಲಿ ಒಂದು ಪಾಲನ್ನು ಬಾರದ ವರ್ಷಕ್ಕೆ ಉಳಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.