ಕಾಲು ನೋವು: ಯಾವಾಗ ಮನೆಮದ್ದು, ಯಾವಾಗ ಡಾಕ್ಟರು?



ವಾರದ ಸಭೆ ಮುಗಿಸಿ ಚಾಪೆಯಿಂದ ಏಳುವಾಗ "ಅಯ್ಯೋ, ನನ್ನ ಕಾಲೇ!" ಎಂದು ಒಬ್ಬರಾದರೂ ಹೇಳದೆ ಇರುವುದಿಲ್ಲ. ಗದ್ದೆ ನಾಟಿ, ಬೀಡಿ ಕಟ್ಟುವುದು, ಒಲೆ ಮುಂದೆ ನಿಲ್ಲುವುದು, ನೀರು ಹೊರುವುದು, ಎಲ್ಲದರ ಭಾರವೂ ಕಾಲಿನ ಮೇಲೆಯೇ. ಆದರೂ "ವಯಸ್ಸಾಯ್ತು, ಇದೆಲ್ಲ ಇದ್ದದ್ದೇ" ಅಂತ ಸುಮ್ಮನಾಗುತ್ತೇವೆ. ಹೆಚ್ಚಿನ ಕಾಲು ನೋವು ಅಪಾಯದ್ದಲ್ಲ, ನಿಜ. ಆದರೆ ಕೆಲವನ್ನು ಅಸಡ್ಡೆ ಮಾಡಿದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು

ರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ನೀಡಿ ಕೂತು, ಬೆರಳುಗಳನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ. ಹಿಮ್ಮಡಿ ಒಡೆದರೆ ರಾತ್ರಿ ತೊಳೆದು ಒರಸಿ ವ್ಯಾಸಲಿನ್ ಹಚ್ಚಿ. ಮೊಣಕಾಲು ನೋವಿದ್ದರೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಹತ್ತು ಎಣಿಸಿ ಇಳಿಸಿ. ದಿನಾ ಹೀಗೆ ಮಾಡಿದರೆ ತೊಡೆಗೆ ಬಲ ಬಂದು ಮೊಣಕಾಲಿನ ಹೊರೆ ಇಳಿಯುತ್ತದೆ. ಮೊಣಕಾಲು ಕೆಂಪಾಗಿ ಊದಿ ಜ್ವರ ಬಂದರೆ ಮಾತ್ರ ಅಂದೇ ಡಾಕ್ಟರಿಗೆ ತೋರಿಸಿ.

ಉಬ್ಬಿದ ನರ

ನಾವು ನರ ಅನ್ನುತ್ತೇವೆ. ನಿಜವಾಗಿ ಅದು ರಕ್ತವನ್ನು ಕಾಲಿನಿಂದ ಹೃದಯಕ್ಕೆ ವಾಪಸು ಒಯ್ಯುವ ರಕ್ತನಾಳ. ರಕ್ತ ಕೆಳಗೆ ಜಾರದಂತೆ ಅದರೊಳಗೆ ಸಣ್ಣ ಬಾಗಿಲುಗಳಿವೆ. ಬಸಿರು, ಬಹಳ ಹೊತ್ತು ನಿಲ್ಲುವ ಕೆಲಸ, ಅತಿ ತೂಕ, ಇವುಗಳಿಂದ ಬಾಗಿಲು ಸಡಿಲಾದರೆ ರಕ್ತ ಅಲ್ಲೇ ನಿಂತು ನಾಳ ಉಬ್ಬುತ್ತದೆ. ಮಲಗುವಾಗ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟರೆ ಆರಾಮವಾಗುತ್ತದೆ. ಆದರೆ ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ತುರಿಸಿ, ಹುಣ್ಣಾಗಿ ವಾಸಿಯಾಗದಿದ್ದರೆ ಬರೀ ಮುಲಾಮು ಸಾಲದು. ರಕ್ತನಾಳದ ತಜ್ಞರು ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಹಾಳಾದ ನಾಳಕ್ಕೇ ಚಿಕಿತ್ಸೆ ಕೊಡುತ್ತಾರೆ.

ಒಂದೇ ಕಾಲು ಊದಿದರೆ ತಿಕ್ಕಬೇಡಿ

ಇದನ್ನು ಮುಖ್ಯವಾಗಿ ನೆನಪಿಡಿ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿಯರು, ಹೆರಿಗೆಯಾಗಿ ಆರು ವಾರ ಕಳೆಯದ ಬಾಣಂತಿಯರು, ಆಪರೇಷನ್ ಆಗಿ ಹಾಸಿಗೆ ಹಿಡಿದವರು, ಇವರಿಗೆಲ್ಲ ಈ ಅಪಾಯ ಹೆಚ್ಚು. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಾಕಿ ಕಾಲು ತಿಕ್ಕುವ ರೂಢಿ ಇದೆಯಲ್ಲ? ಇಂಥ ಕಾಲನ್ನು ಮಾತ್ರ ತಿಕ್ಕಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅಂದೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿ. ಅಂಗಳಕ್ಕೂ ಚಪ್ಪಲಿ ಹಾಕಿ. ಬಿಸಿನೀರಲ್ಲಿ ಕಾಲಿಡಬೇಡಿ, ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ. ಸಣ್ಣ ಗಾಯವಾದರೂ ಡಾಕ್ಟರಿಗೆ ತೋರಿಸಿ; ಕಪ್ಪಾದರೆ, ಕೀವಾದರೆ ಒಂದು ದಿನವೂ ಕಾಯಬೇಡಿ.

ಇವಕ್ಕೂ ತಡ ಬೇಡ

* ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋವು ಬಂದರೆ: ತಕ್ಷಣ ಆಸ್ಪತ್ರೆಗೆ.
* ಸೊಂಟದಿಂದ ಕಾಲಿಗೆ ನೋವು ಇಳಿದು, ಮೂತ್ರ ಹತೋಟಿ ತಪ್ಪಿದರೆ: ತಕ್ಷಣ.
* ಬಸುರಿಗೆ ಕಾಲೂತದ ಜೊತೆ ತಲೆನೋವು, ಕಣ್ಣು ಮಂಜಾದರೆ: ತಕ್ಷಣ.
* ನಡೆದರೆ ಮೀನಖಂಡ ನೋವು, ನಿಂತರೆ ಕಡಿಮೆ. ಅದರಲ್ಲೂ ಬೀಡಿ, ಸಿಗರೇಟು ಸೇದುವವರಿಗೆ: ರಕ್ತನಾಳದ ತಜ್ಞರಿಗೆ ತೋರಿಸಿ.
* ಎರಡೂ ಕಾಲು ಊದಿ ಇಳಿಯದಿದ್ದರೆ: ರಕ್ತ, ಹೃದಯ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ.
* ಸ್ಪರ್ಶವಿಲ್ಲದ ತಿಳಿ ಮಚ್ಚೆ ಕುಷ್ಠದ ಲಕ್ಷಣವಿರಬಹುದು. ನಾಚಿಕೆ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ.

ಎಲ್ಲಿಗೆ ಹೋಗುವುದು?

ತುರ್ತು ಇಲ್ಲದಿದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ತಜ್ಞರು ಬೇಕಾದರೆ ಅಲ್ಲಿಂದ ಚೀಟಿ ಕೊಡುತ್ತಾರೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು, ರೇಷನ್ ಕಾರ್ಡು ಜೊತೆಗಿರಲಿ. ಬಸ್ ಚಾರ್ಜಿಗೆ, ಸ್ಕ್ಯಾನಿಗೆ ದುಡ್ಡಿಲ್ಲವೆಂದು ಮುಂದೂಡಬೇಡಿ. ಸಂಘದ ಆಂತರಿಕ ಸಾಲ ಇರುವುದೇ ಇಂಥ ಹೊತ್ತಿಗೆ.

ಮುಂದಿನ ಸಭೆಯಲ್ಲಿ ಇದನ್ನು ಓದಲು ಬಾರದ ಸದಸ್ಯೆಯರಿಗೂ ಓದಿ ಹೇಳಿ. ನಂತರ ಒಬ್ಬರನ್ನೊಬ್ಬರು ಕೇಳಿ: "ಕಾಲು ಹ್ಯಾಗಿದೆ ಅಕ್ಕಾ?"