ಹಳೆಯ ತಂಡ, ಹೊಸ ಸರ್

ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಈ ವರ್ಷ ಜೂನ್ ತಿಂಗಳಲ್ಲಿ ಹೊಸ ಕೋಚ್ ಬಂದರು. ಮೊದಲಿದ್ದ ಸರ್ ಬೇಸಿಗೆ ರಜೆಯಲ್ಲಿ ಬೇರೆ ಊರಿನ ಕಾಲೇಜಿಗೆ ಹೋದರು. ಕಳೆದ ವರ್ಷ ಸೆಕೆಂಡ್ ಪಿಯುಸಿಯಲ್ಲಿದ್ದ ಅಣ್ಣಂದಿರು ಪಾಸಾಗಿ ಹೋದರು. ಉಳಿದವರು ನಾವು 7 ಜನ. ನಾವು 7 ಜನ, ಒಂದು ಕಂಬ ವಾಲಿದ ಕೋರ್ಟ್, ಗಾಳಿ ನಿಲ್ಲದ 4 ಚೆಂಡು: ಹೊಸ ಸರ್‌ಗೆ ಸಿಕ್ಕಿದ್ದು ಇಷ್ಟು.

ಹೊಸ ಕೋಚ್ ಒಬ್ಬರು ಬಂದಾಗ, ತಾವು ಆರಿಸದ, ತಾವು ಕಲಿಸದ ಆಟಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಆಟಗಾರರು ಅವರನ್ನು ಹೇಗೆ ನಡೆಸಿಕೊಳ್ಳಬೇಕು? ಇದನ್ನು ನಾನು ಕುತೂಹಲಕ್ಕೆ ಓದಲು ಶುರು ಮಾಡಲಿಲ್ಲ, ಸಿಟ್ಟಿನಿಂದ ಶುರು ಮಾಡಿದೆ. ಸಿಟ್ಟಿನ ಕಾರಣ ಕೊನೆಗೆ ಹೇಳುತ್ತೇನೆ.

ಕಾಮರ್ಸ್ ಓದುವವರಿಗೆ ಇದನ್ನು ಹೇಳುವುದು ಸುಲಭ. ಪಾಲುದಾರಿಕೆಗೆ ಹೊಸ ಪಾಲುದಾರ ಸೇರಿದಾಗ ನಾವು ರಿವ್ಯಾಲ್ಯುಯೇಶನ್ ಅಕೌಂಟ್ ಬರೆಯುತ್ತೇವಲ್ಲ? ಹಳೆಯ ಪುಸ್ತಕದಲ್ಲಿ ಕಟ್ಟಡಕ್ಕೆ, ಯಂತ್ರಕ್ಕೆ, ಸ್ಟಾಕಿಗೆ ಒಂದು ಬೆಲೆ ಇರುತ್ತದೆ. ಆ ಬೆಲೆಯನ್ನು ಹೊಸಬ ಹಾಗೇ ಒಪ್ಪಬೇಕಾಗಿಲ್ಲ. ಎಲ್ಲದಕ್ಕೂ ಇವತ್ತಿನ ಬೆಲೆ ಕಟ್ಟಬೇಕು. ಅದರಲ್ಲಿ ಇನ್ನೊಂದು ಸಾಲು ಬರುತ್ತದೆ, ಪರೀಕ್ಷೆಯಲ್ಲಿ ನಾವು ಮರೆತು ಅಂಕ ಕಳೆದುಕೊಳ್ಳುವ ಸಾಲು: ಪುಸ್ತಕದಲ್ಲಿ ಎಲ್ಲೂ ಬರೆದಿರದ ಸಾಲ. ಸಂಸ್ಥೆ ಯಾರಿಗೋ ಕೊಡಬೇಕಾಗಿದೆ, ಆದರೆ ಲೆಕ್ಕಕ್ಕೆ ಬಂದಿಲ್ಲ. ತಂಡದಲ್ಲೂ ಇಂಥ ಸಾಲ ಇರುತ್ತದೆ. ಹಳೆಯ ಕೋಚ್ ಯಾರಿಗೋ ಕೊಟ್ಟ ಮಾತು, ಯಾರನ್ನೋ ಬೈದು ಆಮೇಲೆ ಸಮಾಧಾನ ಮಾಡದೆ ಬಿಟ್ಟದ್ದು. ಯಾವ ರಿಜಿಸ್ಟರಿನಲ್ಲೂ ಇದು ಇರುವುದಿಲ್ಲ.

ನಮ್ಮ ದಾದಾ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಆ ಕಾಲದಲ್ಲಿ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುದು ಅಲ್ಲಿಯ ಲೇತ್ ಕೆಲಸದಿಂದಲೇ. ಅವರು ಹೇಳುವ ಪ್ರಕಾರ ಹೊಸ ಫೋರ್‌ಮನ್ ಬಂದರೆ ಎರಡು ತರಹ. ಒಬ್ಬ ಬಂದ ದಿನವೇ ಎಲ್ಲರ ಜಾಗ ಬದಲಾಯಿಸುತ್ತಾನೆ. ಇನ್ನೊಬ್ಬ ವಾರಗಟ್ಟಲೆ ಬೆನ್ನ ಹಿಂದೆ ಕೈಕಟ್ಟಿ ನಿಂತು ಯಾವ ಲೇತ್ ಹೇಗೆ ಸದ್ದು ಮಾಡುತ್ತದೆ ಎಂದು ಕೇಳಿಸಿಕೊಳ್ಳುತ್ತಾನೆ. ಎರಡನೆಯವನೇ ಒಳ್ಳೆಯವನು ಎಂದುಕೊಂಡೆ. ದಾದಾ ನಕ್ಕರು. "ಎರಡನೆಯವನ ಕಾಲದಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನಸ್ಸಲ್ಲಿ ಏನಿದೆ ಅಂತ ಹೇಳುತ್ತಲೇ ಇರಲಿಲ್ಲವಲ್ಲ" ಅಂದರು.

ಈಗ ದೊಡ್ಡ ಉದಾಹರಣೆಗೆ ಬರುತ್ತೇನೆ. ಬ್ಯಾಸ್ಕೆಟ್‌ಬಾಲ್ ಬಿಟ್ಟು ಕ್ರಿಕೆಟ್‌ಗೆ ಹೋಗುವುದಕ್ಕೆ ಕ್ಷಮಿಸಿ. ನಮ್ಮ ರಾಜ್ಯಕ್ಕೆ ಆಡಿದ ಇಬ್ಬರು, ಒಂದೇ ಕುರ್ಚಿಯಲ್ಲಿ 5 ವರ್ಷದ ಅಂತರದಲ್ಲಿ ಕುಳಿತವರು, ಒಬ್ಬನೇ ದೊಡ್ಡ ಆಟಗಾರನನ್ನು ಪಡೆದವರು. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಗಲಿಲ್ಲ. ಅನಿಲ್ ಕುಂಬ್ಳೆ ಮತ್ತು ರಾಹುಲ್ ದ್ರಾವಿಡ್. ಎರಡು ಸಲವೂ ಕೈಗೆ ಬಂದದ್ದು ರವಿ ಶಾಸ್ತ್ರಿ ಅವರ ಕಾಲದಲ್ಲಿ ಬೆಳೆದ ತಂಡ. ಎರಡು ಸಲವೂ ಆ ತಂಡದಲ್ಲಿ ವಿರಾಟ್ ಕೊಹ್ಲಿ ಇದ್ದರು.

ಕುಂಬ್ಳೆ ಕೋಚ್ ಆದದ್ದು 2016ರ ಜೂನ್‌ನಲ್ಲಿ, ಒಂದು ವರ್ಷದ ಅವಧಿಗೆ. ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದವರು, ಸ್ವತಃ ಭಾರತದ ನಾಯಕರಾಗಿದ್ದವರು. ಕೊಹ್ಲಿ ಆಗ ಟೆಸ್ಟ್ ನಾಯಕ. ಆ ವರ್ಷ ಭಾರತ ಆಡಿದ್ದು 17 ಟೆಸ್ಟ್. ಗೆದ್ದದ್ದು 12, ಸೋತದ್ದು ಪುಣೆಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಒಂದೇ ಒಂದು, ಡ್ರಾ 4. ಲೆಕ್ಕದ ಪುಸ್ತಕ ನೋಡಿದರೆ ಲಾಭವೋ ಲಾಭ.

ಆ ವರ್ಷದ ಒಂದು ಘಟನೆ ನಮಗೆಲ್ಲ ಗೊತ್ತಿರಬೇಕು. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ನಮ್ಮ ಕರ್ನಾಟಕದ ಕರುಣ್ ನಾಯರ್ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದರು. ಭಾರತದವರಲ್ಲಿ ಸೆಹ್ವಾಗ್ ಬಿಟ್ಟರೆ ತ್ರಿಶತಕ ಹೊಡೆದವರು ಅವರೇ. ಮುಂದಿನ ಟೆಸ್ಟ್ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ಎದುರು. ಕರುಣ್ ಹೊರಗೆ! ಬೆರಳಿನ ಗಾಯದಿಂದ ಹೊರಗಿದ್ದ ಅಜಿಂಕ್ಯ ರಹಾನೆ ಗುಣವಾಗಿ ವಾಪಸ್ ಬಂದಿದ್ದರು. ಒಬ್ಬರ ಒಂದು ಪಂದ್ಯದ ಆಟ ಇನ್ನೊಬ್ಬರ ಎರಡು ವರ್ಷದ ದುಡಿಮೆಯನ್ನು ಮರೆಸಬಾರದು ಎಂಬ ಅರ್ಥದ ಮಾತನ್ನು ಕೊಹ್ಲಿ ಪತ್ರಕರ್ತರ ಮುಂದೆ ಆಡಿದರು. ರಹಾನೆ ಆ ಪಂದ್ಯದಲ್ಲಿ 82 ಹೊಡೆದರು. ಕರುಣ್‌ಗೆ ಅನ್ಯಾಯವಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಒಂದು ಒಪ್ಪಬೇಕು, ಕಾರಣವನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹಳೆಯ ಆಟಗಾರ ಗಾಯದಿಂದ ಜಾಗ ಕಳೆದುಕೊಳ್ಳುವುದಿಲ್ಲ ಎಂಬ ನಿಯಮ ತಂಡದಲ್ಲಿ ಎಲ್ಲರಿಗೂ ತಿಳಿಯಿತು.

ಹೀಗೆ ಆಟಗಾರರಿಗೆ ನಿಯಮ ಸ್ಪಷ್ಟವಾಗಿತ್ತು. ಆದರೆ ನಾಯಕ ಮತ್ತು ಕೋಚ್ ನಡುವೆ? 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 180 ರನ್‌ಗಳಿಂದ ಸೋತಿತು. ಎರಡು ದಿನಕ್ಕೆ ಕುಂಬ್ಳೆ ರಾಜೀನಾಮೆ ಕೊಟ್ಟರು. ಅವರು ಹೊರಡಿಸಿದ ಪತ್ರದಲ್ಲಿ ಒಂದು ಸಾಲಿನ ಸಾರಾಂಶ ಹೀಗಿದೆ: ತಮ್ಮ ಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪ ಇದೆ ಎಂದು ಮಂಡಳಿಯವರು ಹಿಂದಿನ ದಿನವಷ್ಟೇ ತಮಗೆ ಮೊದಲ ಸಲ ತಿಳಿಸಿದರು. ಕೋಚ್ ಕೆಲಸ ಎಂದರೆ ಕನ್ನಡಿ ಹಿಡಿದ ಹಾಗೆ ಎಂದೂ ಅದರಲ್ಲಿ ಬರೆದಿದ್ದರು.

ಈ ಪತ್ರದ ಬಗ್ಗೆ ಮಾತಾಡುವವರು ಹೆಚ್ಚಾಗಿ ಕನ್ನಡಿಯ ಮಾತನ್ನೇ ಎತ್ತುತ್ತಾರೆ. ನನ್ನನ್ನು ನಿಲ್ಲಿಸಿದ್ದು "ಮೊದಲ ಸಲ" ಎಂಬುದು. 17 ಟೆಸ್ಟ್, ಎಷ್ಟೋ ಏಕದಿನ ಪಂದ್ಯ, ಒಂದೇ ಬಸ್, ಒಂದೇ ಹೋಟೆಲ್. ಒಂದು ವರ್ಷ ಕಳೆದ ಮೇಲೆ, ಅದೂ ಮೂರನೆಯವರ ಬಾಯಿಂದ ಗೊತ್ತಾಗಬೇಕೆ? ಯಾರದು ಸರಿ, ಯಾರದು ತಪ್ಪು ಎಂದು ಹೇಳಲು ನಾನು ಯಾರೂ ಅಲ್ಲ. ಆ ಪತ್ರದ ಪ್ರಕಾರ ಮಾತು ತಡವಾಗಿ ಬಂತು, ಅಷ್ಟು ಮಾತ್ರ ಹೇಳಬಹುದು. 12 ಗೆಲುವು ಇದ್ದರೂ ಅದನ್ನು ತುಂಬಿಕೊಡಲು ಆಗಲಿಲ್ಲ.

ದ್ರಾವಿಡ್ ಬಂದದ್ದು 2021ರ ನವೆಂಬರ್‌ನಲ್ಲಿ. ಅವರಿಗೆ ಒಂದು ಅನುಕೂಲ ಇತ್ತು. ಅದಕ್ಕೂ ಮುಂಚೆ ಅವರು 19 ವರ್ಷದೊಳಗಿನವರ ತಂಡಕ್ಕೆ, ಭಾರತ ಎ ತಂಡಕ್ಕೆ ಕೋಚ್ ಆಗಿದ್ದರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರೂ ಆಗಿದ್ದರು. ರಿಷಭ್ ಪಂತ್, ಶುಭಮನ್ ಗಿಲ್ ಹುಡುಗರಾಗಿದ್ದಾಗ ಅವರ ಕೈಯಲ್ಲಿ ಆಡಿದವರು. ಕೊಹ್ಲಿ ಕೂಡ ಆ ಹೊತ್ತಿಗೆ ಟಿ20 ನಾಯಕತ್ವ ಬಿಟ್ಟಿದ್ದರು, 2022ರ ಜನವರಿಯಲ್ಲಿ ಟೆಸ್ಟ್ ನಾಯಕತ್ವವನ್ನೂ ಬಿಟ್ಟರು. ಆದ್ದರಿಂದ ಕುಂಬ್ಳೆ ಅವರ ಪರಿಸ್ಥಿತಿ ಬೇರೆ, ಇವರದ್ದು ಬೇರೆ. ಇದನ್ನು ಮುಚ್ಚಿಟ್ಟು ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳುವುದು ಸರಿಯಲ್ಲ. ಇವರಿಗೂ ಸುಲಭವೇನೂ ಇರಲಿಲ್ಲ. ಬಂದ 8 ತಿಂಗಳಲ್ಲಿ 6 ಜನ ನಾಯಕರ ಜೊತೆ ಕೆಲಸ ಮಾಡಬೇಕಾಯಿತು ಎಂದು ಅವರೇ ಹೇಳಿದ್ದಾರೆ.

ನಾನು ಹೇಳಬೇಕೆಂದಿರುವುದು ವೃದ್ಧಿಮಾನ್ ಸಾಹಾ ವಿಷಯ. 2010ರಲ್ಲಿ ಟೆಸ್ಟ್‌ಗೆ ಬಂದ ವಿಕೆಟ್ ಕೀಪರ್. 2022ರಲ್ಲಿ ಅವರಿಗೆ 37 ವರ್ಷ. ಪಂತ್ ಮೊದಲ ಕೀಪರ್, ಎರಡನೆಯವರಾಗಿ ಕೆ.ಎಸ್. ಭರತ್ ಅವರನ್ನು ಬೆಳೆಸಲು ತಂಡ ನಿರ್ಧರಿಸಿತ್ತು. ಇಂಥ ಹೊತ್ತಲ್ಲಿ ಕೋಚ್ ಆದವರು ಮಾಡುವ ಸುಲಭದ ಕೆಲಸ ಏನು? ಸುಮ್ಮನಿರುವುದು. ಪಟ್ಟಿ ಬಂದಾಗ ಅವನೇ ನೋಡಿಕೊಳ್ಳಲಿ ಎಂದು ಬಿಡುವುದು. ದ್ರಾವಿಡ್ ಸಾಹಾ ಅವರನ್ನು ಕರೆದು, ಇನ್ನು ಮುಂದೆ ನಿಮ್ಮನ್ನು ಆರಿಸುವುದಿಲ್ಲ ಎಂದು ನೇರವಾಗಿ ಹೇಳಿದರು. ನಿವೃತ್ತಿಯ ಬಗ್ಗೆ ಯೋಚಿಸಿ ಎಂದು ಕೋಚ್ ಹೇಳಿದರು ಎಂದು ಸಾಹಾ ಫೆಬ್ರುವರಿಯಲ್ಲಿ ಪತ್ರಿಕೆಯವರ ಮುಂದೆ ಬೇಸರದಿಂದ ಹೇಳಿಕೊಂಡರು. ಗದ್ದಲವಾಯಿತು. ದ್ರಾವಿಡ್ ಉತ್ತರದಲ್ಲಿ ಸಿಟ್ಟಿರಲಿಲ್ಲ. ತಮಗೆ ಬೇಸರವಿಲ್ಲ, ಸಾಹಾ ಬಗ್ಗೆ ಗೌರವವಿದೆ, ಅದಕ್ಕೇ ಸತ್ಯವನ್ನು ತಮ್ಮ ಬಾಯಿಂದ ಕೇಳುವುದು ಅವರ ಹಕ್ಕು, ಮಾಧ್ಯಮದಿಂದ ತಿಳಿಯಬಾರದು ಎಂಬುದು ಅವರ ಮಾತಿನ ಸಾರ. ಇಂಥ ಮಾತುಗಳನ್ನು ಮುಂದೆಯೂ ಆಡುತ್ತೇನೆ ಎಂದರು.

ಮೊದಲ ಸಲ ಇದನ್ನು ಓದಿದಾಗ ನನಗೆ ಸಾಹಾ ಮೇಲೆಯೇ ಕರುಣೆ ಬಂತು. ಬೆಂಚಿನ ಮೇಲೆ ಕೂತವನಿಗೆ ಬೆಂಚಿನ ಮೇಲೆ ಕೂತವನೇ ಕಾಣುವುದು. ಎರಡನೇ ಸಲ ಓದಿದಾಗ, ಕುಂಬ್ಳೆ ಪತ್ರವನ್ನೂ ಪಕ್ಕದಲ್ಲಿ ಇಟ್ಟುಕೊಂಡು ನೋಡಿದೆ. ಸಾಹಾಗೆ ನೋವಾಯಿತು, ಆದರೆ ಅವರು ಎಲ್ಲಿ ನಿಂತಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಕುಂಬ್ಳೆ ಅವರಿಗೆ ಗೊತ್ತಿರಲಿಲ್ಲ.

ಕೊಹ್ಲಿ ಕಥೆಗೆ ಬಾಲವೊಂದಿದೆ. 2024ರ ಟಿ20 ವಿಶ್ವಕಪ್‌ನಲ್ಲಿ ಫೈನಲ್‌ಗೆ ಮುಂಚಿನ 7 ಇನಿಂಗ್ಸ್‌ನಲ್ಲಿ ಅವರು ಗಳಿಸಿದ್ದು ಒಟ್ಟು 75 ರನ್. ನಮ್ಮ ಮೊಹಲ್ಲಾದ ಚಹಾ ಅಂಗಡಿಯಲ್ಲಿ ಎಲ್ಲರೂ ಅವರನ್ನು ಕೈಬಿಡಬೇಕು ಅನ್ನುತ್ತಿದ್ದರು, ನಾನೂ ಅಂದಿದ್ದೆ. ಸೆಮಿಫೈನಲ್ ಮುಗಿದ ಮೇಲೆ ದ್ರಾವಿಡ್, ದೊಡ್ಡ ಆಟವೊಂದು ಬರಲಿದೆ ಎಂದು ಬಹಿರಂಗವಾಗಿ ಹೇಳಿದರು. ಜೂನ್ 29ರ ಫೈನಲ್‌ನಲ್ಲಿ ಕೊಹ್ಲಿ 59 ಎಸೆತಗಳಲ್ಲಿ 76 ಹೊಡೆದರು. ಭಾರತ 7 ರನ್‌ಗಳಿಂದ ಗೆದ್ದಿತು. ದ್ರಾವಿಡ್ ಅವರಿಗೆ ಕೋಚ್ ಆಗಿ ಅದೇ ಕೊನೆಯ ಪಂದ್ಯ.

ಬ್ಯಾಸ್ಕೆಟ್‌ಬಾಲ್‌ನವರು ಕೇಳಬಹುದು, ನಮ್ಮ ಆಟದಲ್ಲಿ ಯಾರೂ ಇಲ್ಲವೇ ಎಂದು. ಇದ್ದಾರೆ. ಅಮೆರಿಕದ ಎನ್‌ಬಿಎಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ 2013-14ರಲ್ಲಿ ಮಾರ್ಕ್ ಜಾಕ್ಸನ್ ಕೈಯಲ್ಲಿ 51 ಪಂದ್ಯ ಗೆದ್ದಿತ್ತು. ಆದರೂ ಅವರನ್ನು ತೆಗೆದು ಸ್ಟೀವ್ ಕೆರ್ ಅವರನ್ನು ತಂದರು. ಕೆರ್ ಮುಂದೆ ಆಂಡ್ರೆ ಇಗುಡಾಲ ಇದ್ದರು. ಅದುವರೆಗೆ ಲೀಗ್‌ನಲ್ಲಿ ಆಡಿದ 758 ಪಂದ್ಯಗಳಲ್ಲೂ ಮೊದಲ ಐವರಲ್ಲಿ ಒಬ್ಬರಾಗಿ ಇಳಿದವರು, ಒಂದು ಸಲವೂ ಬೆಂಚಿನಿಂದ ಎದ್ದು ಬಂದವರಲ್ಲ. ಅಂಥವರನ್ನು ಕೆರ್ ಬೆಂಚಿಗೆ ಕಳುಹಿಸಿದರು, ಇಡೀ ಸೀಸನ್. ಇಗುಡಾಲ ಒಪ್ಪಿಕೊಂಡರು. 2015ರ ಫೈನಲ್ಸ್‌ನಲ್ಲಿ ತಂಡ 1-2 ಹಿಂದೆ ಬಿದ್ದಾಗ ನಾಲ್ಕನೇ ಪಂದ್ಯಕ್ಕೆ ಅವರನ್ನೇ ಮೊದಲ ಐವರಲ್ಲಿ ಇಳಿಸಿದರು. ಅಲ್ಲಿಂದ ಮೂರೂ ಗೆದ್ದು 40 ವರ್ಷದ ಮೇಲೆ ಪ್ರಶಸ್ತಿ ಬಂತು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗುಡಾಲ.

ಬೆಂಗಳೂರು ಎಫ್‌ಸಿಯವರದು ಇನ್ನೊಂದು ದಾರಿ. 2018ರಲ್ಲಿ ಆಲ್ಬರ್ಟ್ ರೋಕಾ ಹೊರಟಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅವರನ್ನೇ ಕೋಚ್ ಮಾಡಿದರು. ಆಟಗಾರರಿಗೆ ಅವರು, ಅವರಿಗೆ ಆಟಗಾರರು ಮೊದಲೇ ಗೊತ್ತು. ಮುಂದಿನ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದರು. ಆದರೆ ಇದು ಸಹಾಯಕ ಕೋಚ್ ಇರುವ ಕ್ಲಬ್ಬಿನ ಮಾತು. ನಮ್ಮಲ್ಲಿ ಸರ್ ಒಬ್ಬರೇ, ಚೆಂಡಿಗೆ ಗಾಳಿ ಹೊಡೆಯುವವರೂ ಅವರೇ.

ಈಗ ನನ್ನ ಸಿಟ್ಟು. ಹಳೆಯ ಸರ್ ಹೋಗುವ ವಾರ ನನ್ನನ್ನು ಕರೆದು, "ಮುಂದಿನ ವರ್ಷ ನೀನೇ ಕ್ಯಾಪ್ಟನ್" ಅಂದಿದ್ದರು. ಹೊಸ ಸರ್ ಬಂದು ಎರಡು ವಾರ ಏನೂ ಹೇಳದೆ ನಮ್ಮಿಂದ ಲೇ-ಅಪ್ ಮಾಡಿಸಿದರು. ಹಳೆಯ ಸರ್ ಕಲಿಸಿದ್ದ ಝೋನ್ ಡಿಫೆನ್ಸ್ ಬಿಡಿಸಿ ಮ್ಯಾನ್-ಟು-ಮ್ಯಾನ್ ಹಾಕಿದರು. ಆಮೇಲೆ ಸೈನ್ಸ್ ಸೆಕ್ಷನ್ನಿನ ಹುಡುಗನನ್ನು ಕ್ಯಾಪ್ಟನ್ ಮಾಡಿ, ನನ್ನನ್ನು ಆರನೆಯವನಾಗಿ ಕೂರಿಸಿದರು. ನಾನು ಗೆಳೆಯರಿಗೆ ಹೇಳಿದೆ, ಚಹಾ ಅಂಗಡಿಯಲ್ಲಿ ಹೇಳಿದೆ, ಅಮ್ಮಿಗೆ ಹೇಳಿದೆ. ಒಂದು ದಿನ ಪ್ರಾಕ್ಟೀಸಿಗೆ ಬೇಕೆಂದೇ ತಡವಾಗಿ ಹೋದೆ. ಎರಡು ತಿಂಗಳು ಹೀಗೇ. ಕೊನೆಗೆ ಊಟಕ್ಕೆ ಕೂತಾಗ ಅಬ್ಬಾ ತಲೆ ಎತ್ತದೆ ಕೇಳಿದರು: "ಸರ್ ಕೋ ಬೋಲ್ಯಾ ಕ್ಯಾ ತೂ?" ಸರ್‌ಗೆ ಹೇಳಿದೆಯಾ ನೀನು? ಹೇಳಿರಲಿಲ್ಲ.

ಮರುದಿನ ಸ್ಟಾಫ್ ರೂಮಿಗೆ ಹೋದೆ. ಹಳೆಯ ಸರ್ ಕೊಟ್ಟ ಮಾತನ್ನು ಹೇಳಿದೆ. ಹೊಸ ಸರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, "ಇದು ನಂಗೆ ಯಾರೂ ಹೇಳಲಿಲ್ಲಪ್ಪ. ನೀನೂ ಹೇಳಲಿಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನಿಂಗೆ ಕಾರಣ ಹೇಳಬೇಕಿತ್ತು" ಎಂದರು. ಕಾರಣ ಹೇಳಿದರು. ಡ್ರಿಬಲ್ ಮಾಡುವಾಗ ನಾನು ಚೆಂಡನ್ನೇ ನೋಡುತ್ತೇನೆ, ಪಕ್ಕದಲ್ಲಿ ಖಾಲಿ ನಿಂತವನು ನನಗೆ ಕಾಣುವುದಿಲ್ಲ. ಓಟ ಚೆನ್ನಾಗಿದೆ, ಆದ್ದರಿಂದ ಎದುರಿನವರು ದಣಿದ ಮೇಲೆ ಎರಡನೇ ಕ್ವಾರ್ಟರಿನಲ್ಲಿ ಇಳಿಸಿದರೆ ಉಪಯೋಗ. ಕ್ಯಾಪ್ಟನ್ ಬದಲಾಗುವುದಿಲ್ಲ ಎಂದೂ ಹೇಳಿದರು. ಹೊರಗೆ ಬಂದಾಗ ನನಗೆ ಖುಷಿಯೇನೂ ಆಗಿರಲಿಲ್ಲ. ಆದರೆ ಅಂದು ಸಂಜೆ ತಲೆ ಎತ್ತಿ ಡ್ರಿಬಲ್ ಮಾಡಲು ನೋಡಿದೆ, ಚೆಂಡು ಮೂರು ಸಲ ಕಾಲಿಗೆ ಬಡಿದು ಚರಂಡಿಗೆ ಹೋಯಿತು.

ಕಳೆದ ಭಾನುವಾರ ಹಳೆಯ ಸರ್‌ಗೆ ಫೋನ್ ಮಾಡಿದ್ದೆ. ಕ್ಯಾಪ್ಟನ್ ವಿಷಯ ನಾನು ಎತ್ತಲಿಲ್ಲ, ಅವರಿಗೂ ನೆನಪಿರಲಿಲ್ಲವೋ ಏನೋ. ಅಲ್ಲಿಯ ಹುಡುಗರು ಹೇಗಿದ್ದಾರೆ ಸರ್ ಎಂದು ಕೇಳಿದೆ. "ಆಟ ಪರವಾಗಿಲ್ಲ" ಎಂದರು. "ಆದರೆ ಏನು ಹೇಳಿದರೂ, ನಮ್ಮ ಮೊದಲಿನ ಸರ್ ಹೀಗೆ ಹೇಳುತ್ತಿರಲಿಲ್ಲ ಅಂತಾರೆ ಕಣೋ."